ಪರಿಚಯ ಬೇರೆ, ವಶೀಲಿ ಬೇರೆ

ಕೊಪ್ಪಳದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ವಯಸ್ಸು 34. ಬಿ.ಎಸ್‌ಸಿ. ಮುಗಿಸಿ 11 ವರ್ಷದಿಂದ ಗಿಣಿಗೇರಿ ಕಡೆಯ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದಾರೆ. ಅವರ ಪತ್ರದ ಮುಖ್ಯ ಭಾಗ ಇದು: “ಮೇಷ್ಟ್ರಾಗಬೇಕು ಅಂತ ಮೊದಲಿಂದ ಆಸೆ. ಗೆಳೆಯರು ಲಿಂಕ್ಡ್‌ಇನ್ ಅನ್ನೋ ಉದ್ಯೋಗಸ್ಥರ ಜಾಲತಾಣದಲ್ಲಿ ಶಿಕ್ಷಣ ಕ್ಷೇತ್ರದವರ ಪರಿಚಯ ಮಾಡಿಕೋ ಅಂತಾರೆ. ಹೀಗೆ ಯಾರನ್ನೋ ಹಿಡಿಯುವುದು ವಶೀಲಿ ಅಲ್ವಾ ಸರ್? ನನಗೆ ಮುಜುಗರ. ಅದರ ಬದಲು ಕೆಲಸಕ್ಕೆ ರಾಜೀನಾಮೆ ಕೊಟ್ಟು ನೇರ ಬಿ.ಎಡ್. ಸೇರಿಬಿಡಲೇ?”

ನಿಮ್ಮ ಆಸೆ ಓದಿ ಖುಷಿಯಾಯಿತು. ಮುಜುಗರ ಓದಿ ಬೇಜಾರಾಯಿತು. ಅದು ನಿಮ್ಮ ತಪ್ಪಲ್ಲ. ನಮ್ಮ ಕಡೆ “ಅಲ್ಲಿ ಯಾರಾದರೂ ಪರಿಚಯ ಇದ್ದಾರಾ?” ಅನ್ನೋ ಮಾತು ಕೆಟ್ಟುಹೋಗಿದೆ. ಹಾಸ್ಟೆಲ್ ಸೀಟಿಗೆ, ವರ್ಗಾವಣೆಗೆ, ಆಸ್ಪತ್ರೆಯ ಬೆಡ್ಡಿಗೆ, ಎಲ್ಲದಕ್ಕೂ ಅದೇ ಪ್ರಶ್ನೆ. ಹಾಗಾಗಿ ಮರ್ಯಾದಸ್ಥರು ಯಾರನ್ನೂ ಏನೂ ಕೇಳದೆ ಸುಮ್ನೆ ಇದ್ದುಬಿಡುತ್ತಾರೆ.

ವಶೀಲಿ ಅಂದರೆ ಪಾಳಿ ತಪ್ಪಿಸಿ ಮುಂದೆ ಹೋಗುವುದು. ನೀವು ಕೇಳಬೇಕಾಗಿರುವುದು ಪಾಳಿ ಎಲ್ಲಿದೆ, ಎಷ್ಟು ಉದ್ದ ಇದೆ, ಅಲ್ಲಿ ನಿಲ್ಲೋ ಶಕ್ತಿ ನನ್ನ ಕಾಲಿಗಿದೆಯಾ ಅನ್ನೋದನ್ನ. ಇದರಲ್ಲಿ ನಾಚಿಕೆ ಎಲ್ಲಿಂದ ಬಂತು? ಸರ್ಕಾರಿ ಮೇಷ್ಟ್ರ ಕೆಲಸ ನೇಮಕಾತಿ ಪರೀಕ್ಷೆ ಬರೆದು ಪಡೆಯುವಂಥದ್ದು. ನೀವು ಮಾತಾಡಿಸಲಿರುವ ಮೇಷ್ಟ್ರ ಕೈಯಲ್ಲಿ ನಿಮಗೆ ಕೊಡಲು ಕೆಲಸ ಇಲ್ಲ. ಇರುವುದು ಅನುಭವ ಮಾತ್ರ.

ಲಿಂಕ್ಡ್‌ಇನ್ ಬೇಡ ಅನ್ನುವುದಿಲ್ಲ. ಬೆಂಗಳೂರಿನ ಖಾಸಗಿ ಶಾಲೆಗಳವರು, ಶಿಕ್ಷಣದಲ್ಲಿ ಕೆಲಸ ಮಾಡುವ ಸಂಸ್ಥೆಗಳವರು ಅಲ್ಲಿ ಸಿಗುತ್ತಾರೆ. ಹಳೇ ಸಹಪಾಠಿ ಎಲ್ಲಿದ್ದಾನೆ ಅಂತ ಪತ್ತೆ ಮಾಡೋಕೆ ಅನುಕೂಲ. ಅಷ್ಟು ಮಾಡಿ. ಆದರೆ ಯಲಬುರ್ಗಾ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಏಳನೇ ತರಗತಿಗೆ ವಿಜ್ಞಾನ ಹೇಳೋ ಅಕ್ಕೋರು ಅಲ್ಲಿ ಸಿಗುವುದು ಕಷ್ಟ. ಅವರು ಸಿಗುವುದು ಮುಂಜಾನೆ ಕೊಪ್ಪಳ ಬಸ್‌ಸ್ಟ್ಯಾಂಡಿನಲ್ಲಿ. ಯಲಬುರ್ಗಾ, ಕುಷ್ಟಗಿ ಬಸ್ ಹತ್ತಿ ನೋಡಿ, ಅರ್ಧ ಬಸ್ ಮೇಷ್ಟ್ರು, ಅಕ್ಕೋರುಗಳೇ. ಒಮ್ಮೆ ನನ್ನ ಪಕ್ಕ ಕೂತಿದ್ದ ಅಕ್ಕೋರೊಬ್ಬರು ತೊಡೆ ಮೇಲೆ ನೋಟ್‌ಬುಕ್ಕಿನ ಕಟ್ಟು ಇಟ್ಟುಕೊಂಡು ದಾರಿಯುದ್ದಕ್ಕೂ ತಿದ್ದುತ್ತಿದ್ದರು. ಬಸ್ ಕುಲುಕಿದಾಗ ಕೆಂಪು ಪೆನ್ನಿನ ಗೆರೆ ಸೊಟ್ಟ ಆಗುತ್ತಿತ್ತು. ಒಂದು ಪುಟದಲ್ಲಿ ಮಾತ್ರ ಪೆನ್ನು ಎತ್ತಿ ಹಿಡಿದು ಬಸ್ ನಿಲ್ಲೋ ತನಕ ಕಾದರು. “ಈ ಹುಡುಗಿ ಮೊದಲ ಸಲ ಪೂರ್ತಿ ಬರದಾಳ್ರೀ, ಇವಳಿಗೆ ಸೊಟ್ಟ ಹಾಕಬಾರದು” ಅಂದರು. ನೀವು ಪರಿಚಯ ಮಾಡಿಕೊಳ್ಳಬೇಕಾದವರು ಇವರು.

ಗೆಳೆಯರಿಗಿಂತ ಇಂಥ ದೂರದ ಪರಿಚಯವೇ ಜಾಸ್ತಿ ಉಪಯೋಗ ಅನ್ನೋದಕ್ಕೆ ಅಧ್ಯಯನವೂ ಇದೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಇದನ್ನು ಬರೆದರು. ಪರಿಚಯದಿಂದ ಹೊಸ ಕೆಲಸ ಸಿಕ್ಕವರನ್ನು ಅವರು ಹೀಗೆ ಕೇಳಿದರು: ಸುದ್ದಿ ಹೇಳಿದವರನ್ನು ಆಗ ನೀವು ಎಷ್ಟು ಸಲ ಭೇಟಿ ಆಗ್ತಿದ್ರಿ? ಪದೇ ಪದೇ ಅಂದವರು ನೂರಕ್ಕೆ 17ರಷ್ಟು ಜನ. ಉಳಿದವರಿಗೆ ಸುದ್ದಿ ಬಂದದ್ದು ಆಗೊಮ್ಮೆ ಈಗೊಮ್ಮೆ ಸಿಗುವವರಿಂದ. ನಿಮ್ಮ ಜೊತೆ ಶಿಫ್ಟ್ ಮಾಡುವವರಿಗೆ ನಿಮಗೆ ಗೊತ್ತಿರೋದೇ ಗೊತ್ತು. ಗವಿಮಠದ ಜಾತ್ರೆಯಲ್ಲಿ ವರ್ಷಕ್ಕೊಮ್ಮೆ ಸಿಗುವ ಹಳೇ ಗೆಳೆಯನಿಗೆ ಬೇರೆ ಊರು ಗೊತ್ತು, ಬೇರೆ ಜನ ಗೊತ್ತು. ಮುಂದಿನ ಸಲ “ಆರಾಮ?” ಅಂತ ಕೇಳಿ ತೇರಿನ ಕಡೆ ತಿರುಗಬೇಡಿ. ನಿಮ್ಮ ಮನಸ್ಸಿನಲ್ಲಿರುವುದನ್ನ ಹೇಳಿ.

ನನಗೆ ಗೊತ್ತಿರುವ ಒಬ್ಬರು ಸಂಡೂರಿನ ಗಣಿಯಲ್ಲಿ ಸರ್ವೇಯರ್ ಆಗಿದ್ದರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತಲ್ಲ, ಆಗ ಇವರೂ ಮನೆಯಲ್ಲಿ ಕೂತರು. ಚಹಾದಂಗಡಿಯಲ್ಲಿ ಮುಖ ಪರಿಚಯವಿದ್ದ ಮೇಷ್ಟ್ರೊಬ್ಬರು “ಸುಮ್ನೆ ಕೂತು ಏನ್ ಮಾಡ್ತೀರಿ, ಶಾಲೆಗೆ ಬನ್ರಿ” ಅಂದರು. ಮೊದಲ ದಿನ ಹಿಂದಿನ ಬೆಂಚಿನಲ್ಲಿ ಕೂತರು. ಎರಡನೇ ವಾರ ಟೇಪು ತಂದರು. ಅಂಗಳದ ಬೇವಿನ ಮರದ ನೆರಳು, ಒಬ್ಬ ಹುಡುಗನ ನೆರಳು, ಅವನ ಎತ್ತರ, ಮೂರನ್ನೂ ಮಕ್ಕಳಿಂದಲೇ ಅಳೆಸಿದರು. ಮರ ಹತ್ತದೆ ಮರದ ಎತ್ತರ ಹೇಳಿದಾಗ ಮಕ್ಕಳು ಹಾಕಿದ ಕೂಗು ಇವತ್ತಿಗೂ ಕಿವಿಯಲ್ಲಿದೆ ಅಂತಾರೆ. ಆಮೇಲೆ ಬಿ.ಎಡ್. ಮಾಡಿದರು. ಈಗ ಅವರೇ ಮೇಷ್ಟ್ರು. ಇನ್ನೊಬ್ಬರು ಯಾವ ಶಾಲೆಗೂ ಕಾಲಿಡದೆ ಕೆಲಸ ಬಿಟ್ಟು ಬಿ.ಎಡ್. ಸೇರಿದರು. ತರಬೇತಿಗೆ ಶಾಲೆಗೆ ಹೋದ ಮೊದಲ ವಾರವೇ ಇದು ನನ್ನ ಕೈಲಾಗುವ ಕೆಲಸ ಅಲ್ಲ ಅಂತ ತಿಳಿಯಿತು. ಅಷ್ಟರಲ್ಲಿ ಸಂಬಳ ಹೋಗಿತ್ತು.

ನೀವು ಸ್ಯಾಂಪಲ್ ನೋಡದೆ ಒಂದು ಲಾರಿ ಅದಿರನ್ನೂ ಇಳಿಸಲು ಬಿಡದವರು. ನಿಮ್ಮ ಬದುಕಿನ ವಿಷಯದಲ್ಲಿ ಮಾತ್ರ ಸ್ಯಾಂಪಲ್ ನೋಡದೆ ಧುಮುಕೋಕೆ ಹೊರಟಿದ್ದೀರಲ್ಲ!

ನೀವು ಪತ್ರದಲ್ಲಿ ಬಿ.ಎಡ್. ಒಂದನ್ನೇ ಬರೆದಿದ್ದೀರಿ. ಒಬ್ಬ ಮೇಷ್ಟ್ರ ಜೊತೆ ಹತ್ತು ನಿಮಿಷ ಮಾತಾಡಿದ್ದರೆ ಉಳಿದದ್ದೂ ಗೊತ್ತಾಗುತ್ತಿತ್ತು. 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಒಂದರಿಂದ ಐದನೇ ತರಗತಿಗೆ ಬಿ.ಎಡ್. ನಡೆಯುವುದಿಲ್ಲ ಅಂತ ಹೇಳಿದೆ, ಅದಕ್ಕೆ ಡಿ.ಎಲ್.ಎಡ್., ಅಂದರೆ ಪ್ರಾಥಮಿಕ ಶಿಕ್ಷಣದ ಡಿಪ್ಲೊಮಾ ಬೇಕು. ಬಿ.ಎಡ್. ಈಗ ಎರಡು ವರ್ಷ. ಆರರಿಂದ ಎಂಟನೇ ತರಗತಿಗೆ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯ ಎರಡನೇ ಪತ್ರಿಕೆ ಪಾಸಾಗಬೇಕು, 150ಕ್ಕೆ 90 ಅಂಕ, ಮೀಸಲಾತಿ ಇದ್ದವರಿಗೆ ಸ್ವಲ್ಪ ರಿಯಾಯಿತಿ. ಒಮ್ಮೆ ಪಾಸಾದರೆ ಜೀವನಪೂರ್ತಿ ನಡೆಯುತ್ತದೆ. ಎರಡು ವರ್ಷ ಮನೆ ಹೇಗೆ ನಡೆಸಿದಿರಿ ಅಂತ ಈ ದಾರಿಯಲ್ಲಿ ಬಂದವರನ್ನು ಕೇಳಿ. ಅತಿಥಿ ಶಿಕ್ಷಕರನ್ನು ತಪ್ಪದೆ ಮಾತಾಡಿಸಿ. ಬೇಸಿಗೆ ರಜೆಯಲ್ಲಿ ಗೌರವಧನ ಇಲ್ಲದೆ ಏನು ಮಾಡುತ್ತಾರೆ ಅನ್ನೋದು ಅವರ ಬಾಯಿಂದಲೇ ಕೇಳಬೇಕು.

ನಿಮ್ಮಂಥವರು ಬರಲಿ ಅಂತ ನಾನು ಇಷ್ಟು ಹಟ ಮಾಡೋಕೆ ಕಾರಣ ಇದೆ. ಕೊಪ್ಪಳ, ರಾಯಚೂರು ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ದಾಟುತ್ತದೆ. ಅಲ್ಲಿನ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿರುತ್ತದೆ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಹುಡುಗಿಯರನ್ನು ನೋಡಿದ್ದೇನೆ. ನೀನು ಹಲ್ಲುಜ್ಜದೆ ಹೀಗಾಗಿದ್ದಲ್ಲ ತಾಯಿ, ನೀರಿನಿಂದ ಆಗಿದ್ದು, ಬಾ ಪರೀಕ್ಷೆ ಮಾಡಿ ತೋರಿಸ್ತೀನಿ ಅಂತ ಹೇಳೋ ಮೇಷ್ಟ್ರು ಬೇಕಲ್ವಾ? 11 ವರ್ಷ ಲ್ಯಾಬಿನಲ್ಲಿ ಪಳಗಿದ ಕೈ ನಿಮ್ಮದು.

ಎಸೆಸೆಲ್ಸಿ ಫಲಿತಾಂಶ ಬಂದಾಗಲೆಲ್ಲ ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳನ್ನು ಪಟ್ಟಿಯ ಕೆಳಗಿನಿಂದ ಹುಡುಕಿ ಸುದ್ದಿ ಮಾಡುತ್ತಾರೆ. ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ಬಂದು ಹತ್ತು ವರ್ಷದ ಮೇಲಾಯಿತು. ವಿಜ್ಞಾನಕ್ಕೆ ಮೇಷ್ಟ್ರಿಲ್ಲದ ಶಾಲೆ ಇನ್ನೂ ಇದೆ. ಇರುವ ಮೇಷ್ಟ್ರಿಗೆ ಬಿಸಿಯೂಟದ ಲೆಕ್ಕ, ಮತದಾರರ ಪಟ್ಟಿ, ಗಣತಿ. 2025ರಲ್ಲಿ ಸಮೀಕ್ಷೆಗೆ ಅಂತ ದಸರಾ ರಜೆಯನ್ನೇ ಮುಂದುವರಿಸಿ ಅವರನ್ನು ಮನೆ ಮನೆ ಸುತ್ತಿಸಿದರು. ಆಮೇಲೆ ಮಕ್ಕಳು ದಡ್ಡರು ಅನ್ನೋದು! ಈ ಮಾತು ಬರೆದು ಬರೆದು ನನಗೆ ಸಾಕಾಗಿದೆ, ಆದರೂ ಬರೆಯುತ್ತೇನೆ.

ನಿಮ್ಮ ವಾರದ ರಜೆ ಮಂಗಳವಾರ ಅಂತ ಪತ್ರದಲ್ಲಿದೆ. ಒಳ್ಳೇದೇ ಆಯಿತು, ಅವತ್ತು ಶಾಲೆ ನಡೆಯುತ್ತಿರುತ್ತದೆ. ರಾಜೀನಾಮೆ ಪತ್ರ ಹಾಗೇ ಇರಲಿ. ಈ ಮಂಗಳವಾರ ಯಲಬುರ್ಗಾ ಬಸ್ ಹತ್ತಿ, ಪಕ್ಕದಲ್ಲಿ ಕೂತವರಿಗೆ ನಮಸ್ಕಾರ ಹೇಳಿ. ಮುಖ್ಯ ಶಿಕ್ಷಕರ ಒಪ್ಪಿಗೆ ಕೇಳಿ, ಒಂದು ಪೂರ್ತಿ ದಿನ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ. ಬಂದ ಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ. ಮಕ್ಕಳು ನಿಮ್ಮನ್ನು ಏನೇನು ಕೇಳಿದರು ಅಂತ ತಿಳಿಯಬೇಕು.

— ಸಂಪಾದಕ