ಶನಿವಾರದ ಹೊಟ್ಟೆನೋವು

ನನ್ನ ಹತ್ತಿರ ಸಲಹೆಗೆ ಕರೆತಂದ ಹುಡುಗ ಎಂಟನೇ ಕ್ಲಾಸು. ಇಲ್ಲಿ ಚೇತು ಅಂತ ಕರೆಯೋಣ. ಹೆಸರು, ಊರು, ಮನೆಯವರ ಕಸುಬು ಎಲ್ಲ ಬದಲಾಯಿಸಿದ್ದೇನೆ. ಬರೆಯುವುದಕ್ಕೆ ಅವನೂ ಅವನ ಅಪ್ಪ ಅಮ್ಮನೂ ಒಪ್ಪಿದ್ದಾರೆ.

ದೂರು ಹೊಟ್ಟೆನೋವಿನದು. ಶನಿವಾರ ಬೆಳಗ್ಗೆ ಎಬ್ಬಿಸಿದರೆ ಶುರು, ಹನ್ನೊಂದರ ಹೊತ್ತಿಗೆ ಮಾಯ. ಡಾಕ್ಟರ್ ನೋಡಿದರು, ಸ್ಕ್ಯಾನ್ ಆಯಿತು, ಜಂತುಹುಳದ ಮಾತ್ರೆಯೂ ಆಯಿತು. ಆಮೇಲೆ ಶುಕ್ರವಾರವೂ ನೋವು ಬರತೊಡಗಿತು. ಕೊನೆಗೆ ಸ್ಕೂಲಿಗೇ ಹೋಗಲ್ಲ ಅಂದ. "ಮೇಡಂ, ಅವ್ನು ಸೋಮಾರಿ ಅಲ್ಲ. ಲೆಕ್ಕ ಅಂದ್ರೆ ಪ್ರಾಣ. ಏನಾಗಿದೆಯೋ ಗೊತ್ತಾಗ್ತಿಲ್ಲ" ಅಂದರು ತಾಯಿ. ತಂದೆ ಹೊರಗೆ ಸ್ಕೂಟರ್ ಪಕ್ಕ ನಿಂತೇ ಇದ್ದರು. ಒಳಗೆ ಬರಲಿಲ್ಲ.

ಹೊಟ್ಟೆನೋವು ವಾರ ನೋಡಿಕೊಂಡು ಬಂದರೆ ನಾನು ಮೊದಲು ಕೇಳುವುದು ಟೈಮ್ ಟೇಬಲ್. ಶನಿವಾರ ಬೆಳಗಿನ ಶಾಲೆ. ಪ್ರಾರ್ಥನೆ, ಡ್ರಿಲ್, ಅದಾದ ಮೇಲೆ ಭಾವನೆ, ಕಷ್ಟಗಳನ್ನು ನಿಭಾಯಿಸಲು ಕಲಿಸುವ 'ಜೀವನ ಕೌಶಲ' ಅನ್ನುವ ಪೀರಿಯಡ್. ಇದು ಆ ಶಾಲೆಯಲ್ಲಿ ಈ ವರ್ಷ ಹೊಸದು.

ಅಮ್ಮನನ್ನು ಹೊರಗೆ ಕೂರಿಸಿದ ಮೇಲೆ ಚೇತು ನಿಧಾನಕ್ಕೆ ಬಾಯಿ ಬಿಟ್ಟ. ಆ ಪೀರಿಯಡ್ಡಿನಲ್ಲಿ ಮಿಸ್ ಎಲ್ಲರನ್ನೂ ನೆಲದ ಮೇಲೆ ಸುತ್ತಲೂ ಕೂರಿಸಿ ಒಂದೊಂದು ಚೀಟಿ ಕೊಟ್ಟಿದ್ದರು. "ಈ ವಾರ ನಿಮಗೆ ತುಂಬಾ ಬೇಜಾರಾಗಿದ್ದು ಏನು? ಬರೆದು ಓದಿ. ಇಲ್ಲಿ ಯಾರೂ ನಗಲ್ಲ." ಒಬ್ಬಳು ನಾಯಿ ಸತ್ತಿದ್ದನ್ನು ಓದಿದಳು. ಇನ್ನೊಬ್ಬ ಕ್ರಿಕೆಟ್ ಟೀಮಿಗೆ ಸೇರಿಸಿಕೊಳ್ಳಲಿಲ್ಲ ಅಂದ. ಇವನು ನಿಜ ಬರೆದ. ಅಪ್ಪ ಬೇಕರಿ ಮುಚ್ಚಿದ್ದು, ಫೈನಾನ್ಸಿನವರು ಮನೆ ಮುಂದೆ ನಿಂತು ಕೂಗಾಡಿದ್ದು, ಅವರು ಹೋಗುವ ತನಕ ಅಪ್ಪ ಬಚ್ಚಲುಮನೆ ಚಿಲಕ ಹಾಕಿಕೊಂಡು ಒಳಗೇ ಇದ್ದದ್ದು. ಗಟ್ಟಿಯಾಗಿ ಓದಿದ. ಮಿಸ್ ಚಪ್ಪಾಳೆ ತಟ್ಟಿಸಿದರು. ಬೆಲ್ ಆಯಿತು.

ಸೋಮವಾರದಿಂದ ಅವನ ಹೆಸರು 'ಇಎಂಐ'. "ಏ ಇಎಂಐ, ಈ ತಿಂಗಳು ಕಟ್ಟಿದ್ಯೇನೋ?" ವ್ಯಾನಿನಲ್ಲಿ, ನಲ್ಲಿ ಹತ್ತಿರ, ಕಬಡ್ಡಿ ಆಡುವಾಗ. ಅಲ್ಲಿಂದ ಸುದ್ದಿ ಯಾರದೋ ಅಮ್ಮನ ಬಾಯಿಗೆ ಬಂದು, ಅಪ್ಪನ ಕಿವಿಗೂ ಬಿತ್ತು. "ಮನೆ ಮರ್ಯಾದೆ ಬೀದಿಗೆ ಹಾಕಿದೆಯಲ್ಲೋ" ಅಂತ ಕೆನ್ನೆಗೊಂದು ಏಟು. ಅಲ್ಲಿಂದ ಹುಡುಗ ಮನೆಯಲ್ಲೂ ಮಾತಿಲ್ಲ, ಶಾಲೆಯಲ್ಲೂ ಮಾತಿಲ್ಲ.

ಮುಂದಿನ ಸಲ ಅಪ್ಪ ಒಳಗೆ ಬಂದರು, ಸಿಟ್ಟು ತುಂಬಿಕೊಂಡು. "ಆ ಕ್ಲಾಸ್ ನಿಲ್ಲಿಸ್ಬೇಕು ಅಂತ ನೀವೇ ಒಂದು ಲೆಟರ್ ಬರ್ದು ಕೊಡಿ ಮೇಡಂ. ಹೆಡ್‌ಮಾಸ್ಟರ್ ಮೇಜಿನ ಮೇಲೆ ಇಟ್ಟು ಬರ್ತೀನಿ." ನಾನು ಬರೆದು ಕೊಡಲಿಲ್ಲ. ಯಾಕೆ ಅನ್ನೋದನ್ನು ಅವರಿಗೆ ಹೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿ ಇಲ್ಲಿ ಹೇಳುತ್ತೇನೆ. ಇಂಥ ಕ್ಲಾಸು ಬೇಕಾ ಅನ್ನೋ ಪ್ರಶ್ನೆಯನ್ನು ಈಗ ತುಂಬಾ ಪೋಷಕರು ಕೇಳುತ್ತಿದ್ದಾರೆ.

ಇಂಥ ಕ್ಲಾಸುಗಳಿಂದ ಉಪಯೋಗ ಇದೆ. 2011ರಲ್ಲಿ ಅಮೆರಿಕದ ಜೋಸೆಫ್ ಡರ್ಲಾಕ್ ಮತ್ತು ಜೊತೆಯವರು ಇಂಥ 213 ಶಾಲಾ ಕಾರ್ಯಕ್ರಮಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸುಮಾರು 2.7 ಲಕ್ಷ ಮಕ್ಕಳ ಲೆಕ್ಕ ಅದು. ನಡವಳಿಕೆ ಸುಧಾರಿಸಿತ್ತು, ಒಳಗಿನ ತಳಮಳ ಕಡಿಮೆಯಾಗಿತ್ತು. ಓದಿನಲ್ಲೂ ಸರಾಸರಿ 11 ಪರ್ಸೆಂಟೈಲ್ ಮುಂದೆ. ನೂರು ಮಕ್ಕಳ ಸಾಲಿನಲ್ಲಿ ನಡುವೆ ನಿಂತ ಮಗು 11 ಜನರನ್ನು ದಾಟಿ ಹೋದ ಹಾಗೆ. ಶಾಲೆಯ ಟೀಚರುಗಳೇ ನಡೆಸಿದಾಗಲೂ ಫಲ ಸಿಕ್ಕಿತ್ತು. ಆದರೆ ಚೆನ್ನಾಗಿ ಫಲ ಕೊಟ್ಟ ಕಾರ್ಯಕ್ರಮಗಳಲ್ಲಿ ಒಂದು ಕ್ರಮ ಇತ್ತು. ಪಾಠಗಳು ಒಂದಕ್ಕೊಂದು ಕೂಡಿಕೊಂಡು ಹೋಗುತ್ತಿದ್ದವು. ಮಕ್ಕಳು ಆಡಿ, ಮಾಡಿ ಕಲಿಯುತ್ತಿದ್ದರು. ಅದಕ್ಕೇ ಅಂತ ಸಮಯ ಇತ್ತು. ಇವತ್ತು ಕಲಿಸುವ ಕೌಶಲ ಯಾವುದು ಅಂತ ಟೀಚರಿಗೂ ಮಕ್ಕಳಿಗೂ ಗೊತ್ತಿತ್ತು. ಈ ಚೀಟಿ ಆಟದಲ್ಲಿ ಕಲಿಸಿದ ಕೌಶಲ ಯಾವುದು, ಹೇಳಿ? ಬೇಜಾರನ್ನು ಹೊರಗೆ ತೆಗೆಸಿದರು. ಬೇಜಾರಾದಾಗ ಏನು ಮಾಡಬೇಕು ಅನ್ನೋದರ ಸುದ್ದಿಯೇ ಇಲ್ಲ.

ನಮ್ಮ ನಿಮ್ಹಾನ್ಸ್‌ನವರು ಕರ್ನಾಟಕದ ಹೈಸ್ಕೂಲುಗಳಿಗೆ ಟೀಚರುಗಳ ಮೂಲಕ ಜೀವನ ಕೌಶಲ ಕಲಿಸುವ ಕಾರ್ಯಕ್ರಮ ಮಾಡಿದ್ದರು. ಅದರ ಫಲಿತಾಂಶ 2010ರಲ್ಲಿ ಪ್ರಕಟವಾಯಿತು. ಕಾರ್ಯಕ್ರಮ ಪಡೆದ 605 ಮಕ್ಕಳನ್ನು ಪಡೆಯದ 423 ಮಕ್ಕಳ ಜೊತೆ ಹೋಲಿಸಿದ್ದರು. ಆತ್ಮವಿಶ್ವಾಸ, ಕಷ್ಟ ನಿಭಾಯಿಸುವ ಶಕ್ತಿ, ಟೀಚರುಗಳ ಜೊತೆ ಹೊಂದಾಣಿಕೆ, ಇವೆಲ್ಲ ಮೊದಲ ಗುಂಪಿನಲ್ಲಿ ಚೆನ್ನಾಗಿದ್ದವು. ಮನೆಯವರ ಜೊತೆ ಮತ್ತು ಓರಗೆಯವರ ಜೊತೆ ಹೊಂದಾಣಿಕೆಯಲ್ಲಿ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಚೇತುವಿನ ತೊಂದರೆ ಇದ್ದದ್ದು ಸರಿಯಾಗಿ ಆ ಎರಡು ಕಡೆಯೇ. ಇಡೀ ಕ್ಲಾಸಿಗೆ ಅಂತ ಮಾಡಿದ ಪಾಠ ಇಂಥ ಮಗುವಿಗೆ ಸಾಕಾಗಲ್ಲ. ಅವನಿಗೆ ಬೇರೆಯಾಗಿ ಒಬ್ಬರು ಕೂತು ಮಾತಾಡಬೇಕು.

ಹೀಗೆ ಗಂಟೆಗಟ್ಟಲೆ ಒಳಗೆ ನೋಡಿಕೊಳ್ಳಿ ಅಂದರೆ ಎಲ್ಲರಿಗೂ ಒಳ್ಳೆಯದೇ ಆಗುತ್ತೆ ಅನ್ನೋ ಖಾತ್ರಿಯೂ ಇಲ್ಲ. ಬ್ರಿಟನ್ನಿನ 85 ಶಾಲೆಗಳ 8 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸೇರಿಸಿ ಒಂದು ಪ್ರಯೋಗ ನಡೆಯಿತು. ಸುಮಾರು ಅರ್ಧ ಶಾಲೆಗಳಲ್ಲಿ ಟೀಚರುಗಳ ಕೈಲಿ, ಸುಮ್ಮನೆ ಕೂತು ಉಸಿರು, ಯೋಚನೆಗಳನ್ನು ಗಮನಿಸುವ ಮೈಂಡ್‌ಫುಲ್‌ನೆಸ್ ಪಾಠ ಮಾಡಿಸಿದರು. ಮಾಮೂಲಿ ಪಾಠಕ್ಕಿಂತ ಏನೂ ಮೇಲಲ್ಲ ಅಂತ 2022ರಲ್ಲಿ ವರದಿ ಬಂತು. ಮೊದಲೇ ತೊಂದರೆಯಲ್ಲಿದ್ದ ಮಕ್ಕಳಿಗೆ ಸ್ವಲ್ಪ ಹಿನ್ನಡೆ ಆಗಿರಬಹುದು ಅನ್ನೋ ಸುಳಿವೂ ಇತ್ತು. ತುಂಬಾ ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಿಯೇ ಇರಲಿಲ್ಲ, ಅದು ಬೇರೆ ಮಾತು.

ಅಪ್ಪನಿಗೆ ಹೇಳಿದ್ದು ಇಷ್ಟೇ. ಕ್ಲಾಸ್ ಇರಲಿ, ಮಾಡುವ ರೀತಿ ಬದಲಾಗಲಿ. ನಾನು ಶಾಲೆಗೆ ಹೋಗಿ ಮಾತಾಡುತ್ತೇನೆ. ನೀವು ಮನೆಯಲ್ಲಿ ಒಂದು ಕೆಲಸ ಮಾಡಿ.

ಆ ಕೆಲಸ ಅವರಿಗೆ ಕಷ್ಟದ್ದು. ಮಗನ ಎದುರು ಕೂತು, "ನೀನು ಹೇಳಿದ್ದು ಸುಳ್ಳಲ್ಲ. ನಾನು ಹೊಡೀಬಾರದಿತ್ತು" ಅಂತ ಹೇಳುವುದು. ಸಾಲ ಎಷ್ಟಿದೆ, ಹೇಗೆ ತೀರಿಸುತ್ತಿದ್ದೇವೆ ಅನ್ನೋದನ್ನು ಅವನ ವಯಸ್ಸಿಗೆ ತಕ್ಕಷ್ಟು ತಿಳಿಸುವುದು. ಹದಿಮೂರು ವರ್ಷದ ಮಗುವಿಗೆ ಏನೂ ಹೇಳದಿದ್ದರೆ ಅದು ಇರುವುದಕ್ಕಿಂತ ಕೆಟ್ಟದ್ದನ್ನೇ ಊಹಿಸಿಕೊಳ್ಳುತ್ತೆ. ಮಾತಿನ ಮಧ್ಯೆ ಇನ್ನೊಂದು ವಿಷಯ ಬಂತು. ವಸೂಲಿಗೆ ಬರುವವರು ಹಾಗೆ ಮನೆ ಮುಂದೆ ಕೂಗಾಡುವ ಹಾಗಿಲ್ಲ, ಬಲವಂತದ ವಸೂಲಿ ತಡೆಯಲು 2025ರಲ್ಲಿ ನಮ್ಮ ರಾಜ್ಯದಲ್ಲಿ ಕಾನೂನೇ ಬಂದಿದೆ, ಪೊಲೀಸರಿಗೆ ದೂರು ಕೊಡಬಹುದು ಅನ್ನೋದು ಅವರಿಗೆ ಗೊತ್ತೇ ಇರಲಿಲ್ಲ. ನಿದ್ದೆ ಬರುತ್ತಾ, ಬದುಕೇ ಬೇಡ ಅನ್ನಿಸುತ್ತಾ ಅಂತಲೂ ನೇರವಾಗಿ ಕೇಳಿದೆ. ಸಾಲದಲ್ಲಿರುವ ಮನೆಯಲ್ಲಿ ಈ ಪ್ರಶ್ನೆ ಕೇಳಲು ಹಿಂಜರಿಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರೆದು ಕೊಟ್ಟೆ. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ಚೇತುವಿನ ಜೊತೆ ನಾವು ನಾಟಕ ಆಡಿದೆವು. ಮೊದಲು ಅವನು ರೇಗಿಸುವ ಹುಡುಗ, ನಾನು ಚೇತು. ಎಷ್ಟು ಚೆನ್ನಾಗಿ ರೇಗಿಸಿದ ಅಂದರೆ ನನಗೇ ಉತ್ತರ ತೋಚಲಿಲ್ಲ. ಅವನು ನಕ್ಕ. ಆಮೇಲೆ ಪಾತ್ರ ಬದಲಾಯಿಸಿದೆವು. ಬೈದು ನೋಡಿದ, ಸುಮ್ನೆ ಇದ್ದು ನೋಡಿದ, ಮಿಸ್‌ಗೆ ಹೇಳ್ತೀನಿ ಅಂತ ಹೆದರಿಸಿ ನೋಡಿದ. ಒಂದೊಂದಕ್ಕೂ ಎದುರಿನವನು ಏನು ಮಾಡುತ್ತಾನೆ ಅಂತ ಬರೆದೆವು. ಕೊನೆಗೆ ಅವನೇ ಒಂದು ಉತ್ತರ ಹುಡುಕಿದ. "ಹೂಂ, ಅಂಗಡಿ ಮುಚ್ಚಿದೆ. ಆಮೇಲೆ?" ಆ 'ಆಮೇಲೆ?' ಹೇಳುವಾಗ ತಲೆ ಎತ್ತಿ ನೋಡಬೇಕು, ದನಿ ಏರಿಸಬಾರದು. ಇದನ್ನೇ ಬೇಜಾರಾಗುವಷ್ಟು ಸಲ ಹೇಳಿಸಿದೆ. ಶಾಲೆಗೆ ವಾಪಸ್ ಹೋಗುವುದನ್ನೂ ಮೆಟ್ಟಿಲು ಮೆಟ್ಟಿಲಾಗಿ ಇಟ್ಟುಕೊಂಡೆವು. ಮೊದಲು ಲೆಕ್ಕದ ಪೀರಿಯಡ್ ಇರುವ ದಿನಗಳು, ಆಮೇಲೆ ಪೂರ್ತಿ ವಾರ, ಶನಿವಾರ ಕೊನೆಗೆ.

ಶಾಲೆಯಲ್ಲಿ ಹೆಡ್‌ಮಾಸ್ಟರ್, ಆ ಮಿಸ್ ಇಬ್ಬರೂ ಸಿಕ್ಕರು. ಮಿಸ್ ಕೆಟ್ಟವರೇನಲ್ಲ. ಎರಡು ದಿನದ ತರಬೇತಿ ಕೊಟ್ಟು, ಸಮಾಜ ಪಾಠದ ಜೊತೆ ಇದನ್ನೂ ಹೊರಿಸಿದ್ದರು. ನಾನು ಹೇಳಿದ್ದು: ಇಡೀ ಕ್ಲಾಸಿನ ಎದುರು ಯಾರ ಮನೆಯ ವಿಷಯವನ್ನೂ ಕೇಳಬೇಡಿ. ಕಟ್ಟುಕಥೆ ಕೊಡಿ. ಯಾವುದೋ ಊರಿನ ಹುಡುಗಿಯ ಟಿಫಿನ್ ಬಾಕ್ಸ್ ಬಚ್ಚಿಟ್ಟು ಎಲ್ಲರೂ ನಗುತ್ತಿದ್ದಾರೆ, ಅವಳಿಗೆ ಏನನ್ನಿಸುತ್ತೆ, ಪಕ್ಕದಲ್ಲಿ ಕೂತವಳು ಏನು ಮಾಡಬಹುದು? ಆಡಿ ತೋರಿಸಲಿ. ಅದೇ ಕೌಶಲವನ್ನು ಮುಂದಿನ ವಾರವೂ ಮಾಡಿಸಿ. ಮಾತಾಡಲು ಇಷ್ಟ ಇಲ್ಲದವರು 'ಪಾಸ್' ಅನ್ನಲಿ, ಕಾರಣ ಕೇಳಬೇಡಿ. ಯಾವುದಾದರೂ ಮಗು ಮನೆಯದ್ದು ಹೇಳಲು ಶುರು ಮಾಡಿದರೆ, "ಇದು ಮುಖ್ಯವಾದ ವಿಷಯ, ಬೆಲ್ ಆದ ಮೇಲೆ ನಾವಿಬ್ಬರೇ ಮಾತಾಡೋಣ" ಅಂತ ಮೆತ್ತಗೆ ತಡೆಯಿರಿ. ಯಾರಿಗೂ ಹೇಳಲ್ಲ ಅಂತ ಮಾತ್ರ ಮಾತು ಕೊಡಬೇಡಿ. ಲೈಂಗಿಕ ಕಿರುಕುಳದ ಸಂಗತಿಯಾದರೆ ಪೋಕ್ಸೋ ಕಾಯ್ದೆ ಪ್ರಕಾರ ನೀವು ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ಗೋಡೆ ಮೇಲಿರಲಿ.

"ರೇಗಿಸಿದವರನ್ನ ಅಸೆಂಬ್ಲಿಯಲ್ಲಿ ನಿಲ್ಲಿಸಿ ಸಾರಿ ಕೇಳಿಸ್ತೀನಿ" ಅಂದರು ಹೆಡ್‌ಮಾಸ್ಟರ್. ಬೇಡವೇ ಬೇಡ ಅಂದೆ. ಅದರಿಂದ ಇಎಂಐ ಕಥೆ ಕೇಳದೆ ಉಳಿದಿದ್ದ ಮಕ್ಕಳಿಗೂ ಕೇಳಿಸುತ್ತೆ, ಅಷ್ಟೇ. ಫಿನ್‌ಲ್ಯಾಂಡಿನ ಕಿವಾ ಅನ್ನುವ ಕಾರ್ಯಕ್ರಮ ರೇಗಿಸುವವನ ಜೊತೆಗೆ, ಪಕ್ಕದಲ್ಲಿ ನಿಂತು ನಗುವವರ ಮೇಲೂ ಕೆಲಸ ಮಾಡುತ್ತೆ. ನಗುವವರು ಇಲ್ಲದಿದ್ದರೆ ರೇಗಿಸುವುದರಲ್ಲಿ ಮಜಾ ಏನಿದೆ? ಹಾಗಾಗಿ ವ್ಯಾನಿನಲ್ಲಿ ಅವನ ಜೊತೆ ಬರುವ ಮೂವರು ಹುಡುಗರನ್ನು ಮಿಸ್ ಒಬ್ಬೊಬ್ಬರನ್ನಾಗಿ ಕರೆದು, "ಅವನಿಗೆ ಕಷ್ಟ ಆಗ್ತಿದೆ, ನೀನು ಏನು ಮಾಡಬಲ್ಲೆ?" ಅಂತ ಕೇಳಿದರು. ಒಬ್ಬ ಪಕ್ಕದಲ್ಲಿ ಕೂರುತ್ತೇನೆ ಅಂದ. ಹಾಗೆಯೇ ಮಾಡಿದ.

ಈಗ ಚೇತು ವಾರವಿಡೀ ಶಾಲೆಗೆ ಹೋಗುತ್ತಿದ್ದಾನೆ. ಇಬ್ಬರು ಈಗಲೂ ಇಎಂಐ ಅಂತಾರಂತೆ. ಅಪ್ಪ ಹೊಡೆದದ್ದಕ್ಕೆ ಬೇಜಾರು ಹೇಳಿಕೊಂಡರು, ಆದರೆ ಸಾಲದ ಮಾತು ಇನ್ನೂ ಎತ್ತಿಲ್ಲ. ಅದು ನಿಧಾನಕ್ಕೆ ಆಗಬೇಕು.

ಹೆಡ್‌ಮಾಸ್ಟರಿಗೆ ಬಿಹಾರದ ಒಂದು ಪ್ರಯೋಗದ ಬಗ್ಗೆಯೂ ಹೇಳಿದ್ದೆ. ನಳಂದಾ ಜಿಲ್ಲೆಯ 74 ಹೈಸ್ಕೂಲುಗಳಲ್ಲಿ ನಡೆದ ಸೆಹೆರ್ ಅಧ್ಯಯನ, 2018ರಲ್ಲಿ ಬಂದದ್ದು. ಅಲ್ಲಿ ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಟೀಚರಿಗೆ ಕೊಟ್ಟರು, ಕೆಲವು ಕಡೆ ಅದಕ್ಕೇ ಅಂತ ನೇಮಿಸಿ ತರಬೇತಿ ಕೊಟ್ಟ ಸ್ಥಳೀಯ ಸಲಹೆಗಾರರಿಗೆ ಕೊಟ್ಟರು. ಸಲಹೆಗಾರರಿದ್ದ ಶಾಲೆಗಳಲ್ಲಿ ರೇಗಿಸುವುದು, ಖಿನ್ನತೆ ಎರಡೂ ಇಳಿದವು. ಟೀಚರಿಗೆ ಹೊರಿಸಿದ ಕಡೆ ಏನೂ ಆಗಲಿಲ್ಲ. ಟೀಚರುಗಳು ನಡೆಸಿದರೂ ಫಲ ಸಿಕ್ಕಿತ್ತು ಅನ್ನುವ ಅಮೆರಿಕದ ಲೆಕ್ಕಕ್ಕೂ ಇದಕ್ಕೂ ತಾಳೆ ಆಗಲ್ಲ, ನಿಜ. ನನ್ನ ಪ್ರಕಾರ ನಮ್ಮ ಟೀಚರುಗಳ ತಲೆ ಮೇಲಿರುವ ಕೆಲಸದ ಹೊರೆ ನೋಡಿದರೆ ಆಶ್ಚರ್ಯವೂ ಇಲ್ಲ. ಆ ಕಾರ್ಯಕ್ರಮದಲ್ಲಿ ಮಕ್ಕಳು ಹೆಸರು ಹಾಕದೆ ಚೀಟಿ ಬರೆದು ಹಾಕುವ ಪೆಟ್ಟಿಗೆಯೂ ಇತ್ತು. ಹೆಡ್‌ಮಾಸ್ಟರಿಗೆ ಇಷ್ಟವಾದದ್ದು ಆ ಪೆಟ್ಟಿಗೆ ಮಾತ್ರ. ಮಾರನೇ ವಾರವೇ ಬಡಗಿ ಕೈಲಿ ಒಂದು ಮಾಡಿಸಿದ್ದಾರೆ. ಬೀಗದ ಕೈ ಯಾರ ಹತ್ತಿರ, ಯಾವ ದಿನ ತೆರೆಯುತ್ತಾರೆ, ಒಳಗೆ ಸಿಕ್ಕಿದ್ದಕ್ಕೆ ಯಾರು ಉತ್ತರ ಕೊಡುತ್ತಾರೆ ಅನ್ನೋದು ತೀರ್ಮಾನ ಆಗುವ ತನಕ ಅದನ್ನು ಗೋಡೆಗೆ ಹಾಕಬೇಡಿ ಅಂದಿದ್ದೇನೆ.