ಅಡ್ಮಿಟ್ ಆಗುವ ಮೊದಲೇ ಖರ್ಚು ಕೇಳಿ

ಪ್ರಶ್ನೆ: ಅಪ್ಪನಿಗೆ ಹರ್ನಿಯಾ ಆಪರೇಷನ್ ಆಗಬೇಕು. ಹಾಸನದ ಒಂದು ಪ್ರೈವೇಟ್ ಆಸ್ಪತ್ರೆಗೆ ಹೋದೆವು. ರೆಫರಲ್ ಇಲ್ಲದೆ ಬಿಪಿಎಲ್ ಕಾರ್ಡ್ ನಡೆಯಲ್ಲ, ಅಡ್ವಾನ್ಸ್ ಕಟ್ಟಿ ಅಂದರು. ಇದು ಸರಿಯಾ ಮೇಡಂ?
– ಓದುಗರು, ಆಲೂರು

ಉತ್ತರ: ರೆಫರಲ್ ಬಗ್ಗೆ ಅವರು ಹೇಳಿದ್ದು ಸರಿ. 2018ರಲ್ಲಿ ಬಂದ ‘ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ’ದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ತೋರಿಸಬೇಕು. ಅಲ್ಲಿ ಆಗುವುದನ್ನು ಅಲ್ಲೇ ಮಾಡುತ್ತಾರೆ. ಆಗದಿದ್ದರೆ ಯೋಜನೆಯಲ್ಲಿರುವ ಪ್ರೈವೇಟ್ ಆಸ್ಪತ್ರೆಗೆ ಪತ್ರ ಕೊಡುತ್ತಾರೆ, ಅದೇ ರೆಫರಲ್. ಹರ್ನಿಯಾ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲೇ ಆಗುವ ಆಪರೇಷನ್. ಮೊದಲು ತಂದೆಯವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ.

ಪ್ರೈವೇಟೇ ಬೇಕು ಅನ್ನಿಸಿದರೆ ದುಡ್ಡಿನ ಮಾತಿಗೆ ಸಂಕೋಚ ಬೇಡ. ನಾನು ಬಿಲ್ಲಿಂಗ್ ಕೌಂಟರಿನಲ್ಲಿ ಬಹಳ ವರ್ಷ ಕೂತವಳು. ಆಗ ಹಾಸನದಲ್ಲಿ ಪ್ರೈವೇಟ್ ಅಂದರೆ ನರ್ಸಿಂಗ್ ಹೋಂ. ಕೆಳಗೆ ಡಾಕ್ಟರ ಕ್ಲಿನಿಕ್, ಮಹಡಿ ಮೇಲೆ ನಾಲ್ಕಾರು ರೂಮು. ಬಿಲ್ ಒಂದು ಚೀಟಿಯಲ್ಲಿ ಮುಗಿಯುತ್ತಿತ್ತು. ಆಮೇಲೆ ಐಸಿಯು, ಸ್ಕ್ಯಾನಿಂಗ್, ಡಯಾಲಿಸಿಸ್, ಹೃದಯದ ರಕ್ತನಾಳ ನೋಡುವ ಕ್ಯಾಥ್ ಲ್ಯಾಬ್ ಎಲ್ಲಾ ಬಂತು. ಬೆಂಗಳೂರಿಗೆ ಓಡುವುದು ಎಷ್ಟೋ ತಪ್ಪಿತು, ಅದು ದೊಡ್ಡ ಉಪಕಾರವೇ. ಜೊತೆಗೆ ಮಷೀನಿನ ಸಾಲ, ವಿಸಿಟಿಂಗ್ ಡಾಕ್ಟರ ಫೀಸು ಕೂಡ ಬಂತು. ಅದೆಲ್ಲ ಕೊನೆಗೆ ರೋಗಿಯ ಬಿಲ್ಲಿಗೇ ಬರುತ್ತದೆ.

ಅದಕ್ಕೇ ಅಂದಾಜು ಖರ್ಚನ್ನು ಬರೆಸಿಕೊಳ್ಳಿ. ‘ಪ್ಯಾಕೇಜ್’ ಅಂದರೆ ಅದರಲ್ಲಿ ಮೆಶ್ (ಹರ್ನಿಯಾ ಜಾಗಕ್ಕೆ ಹೊಲಿಯುವ ಬಲೆ) ಸೇರಿದೆಯಾ, ಅರಿವಳಿಕೆ ಡಾಕ್ಟರ ಫೀಸು ಸೇರಿದೆಯಾ, ಒಂದು ದಿನ ಜಾಸ್ತಿ ಉಳಿದರೆ ಎಷ್ಟು, ಎಲ್ಲಾ ಕೇಳಿ. ಮೆಶ್‌ನ ಬೆಲೆ ಕಂಪನಿಯಿಂದ ಕಂಪನಿಗೆ ತುಂಬಾ ಬೇರೆ. ಡಿಸ್ಚಾರ್ಜ್ ದಿನ ಐಟಂವಾರು ಬಿಲ್ ತೆಗೆದುಕೊಂಡು ಫಾರ್ಮಸಿ ಹಾಳೆ ಓದಿ. ಡಾಕ್ಟರು ಬರೆದ ಇಂಜೆಕ್ಷನ್‌ನಲ್ಲಿ ಒಂದೆರಡು ಬಳಸದೆ ಉಳಿಯುತ್ತವೆ. ನರ್ಸ್ ಅವನ್ನು ಟ್ರೇಯಲ್ಲಿಟ್ಟು ಫಾರ್ಮಸಿಗೆ ವಾಪಸ್ ಕಳಿಸುತ್ತಾರೆ. ಆ ‘ರಿಟರ್ನ್’ ಬಿಲ್ಲಿನಲ್ಲಿ ಕಳೆದಿದೆಯಾ ನೋಡಿ. ಅವಸರದಲ್ಲಿ ಬಿಟ್ಟುಹೋಗುವುದು ಅದೇ. ಕೇಳಿದರೆ ಸರಿ ಮಾಡಿಕೊಡುತ್ತಾರೆ.

ಅಡ್ವಾನ್ಸ್ ವಿಷಯಕ್ಕೆ ಬರೋಣ. ಮೊದಲೇ ದಿನ ಗೊತ್ತುಮಾಡಿ ಮಾಡಿಸುವ ಆಪರೇಷನ್‌ಗೆ ಕೇಳಬಹುದು. ತುರ್ತಿನಲ್ಲಿ ಅಡ್ವಾನ್ಸ್ ಕೊಟ್ಟರೇ ಮುಟ್ಟುತ್ತೇವೆ ಅನ್ನುವ ಹಾಗಿಲ್ಲ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದ್ದು, 2017ರಲ್ಲಿ ತಿದ್ದುಪಡಿಯಾಯಿತು. ದರಪಟ್ಟಿ ಕಾಣುವ ಹಾಗೆ ಹಾಕಬೇಕು ಅಂತಲೂ ಅದರಲ್ಲಿದೆ. ಬಾಕಿ ಇದೆ ಅಂತ ಶವ ತಡೆಯುವಂತಿಲ್ಲ. ತೊಂದರೆಯಾದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.

ಇನ್ನೊಂದು ಮುಖ್ಯ ಮಾತು. ತಂದೆಯವರ ಹರ್ನಿಯಾ ಗಂಟು ಗಟ್ಟಿಯಾಗಿ ಒಳಗೆ ಹೋಗದಿದ್ದರೆ, ನೋವು, ವಾಂತಿ ಶುರುವಾದರೆ, ಪತ್ರಕ್ಕೆ ಓಡಾಡುತ್ತಾ ಕೂರಬೇಡಿ. ಕರುಳು ಸಿಕ್ಕಿಕೊಂಡಿರಬಹುದು. ರಾತ್ರಿಯಾದರೂ ಸರಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ. ತುರ್ತು ಚಿಕಿತ್ಸೆಗೆ ಯೋಜನೆಯಲ್ಲೂ ರೆಫರಲ್ ಬೇಕಿಲ್ಲ. ಬಿಪಿಎಲ್ ಕಾರ್ಡು, ಆಧಾರ್ ಎರಡನ್ನೂ ಇವತ್ತೇ ಒಂದು ಕವರಿನಲ್ಲಿ ಹಾಕಿಡಿ.