ವ್ಯಾನ್‌ನಲ್ಲಿ ಕಂಪ್ರೆಸರ್ ಜಾರುತ್ತಿದ್ದರೆ

ವ್ಯಾನ್‌ನಲ್ಲಿ ನೈಲಾನ್ ಹಗ್ಗದಿಂದ ಕಟ್ಟಿದ 50 ಕೆಜಿ ಏರ್ ಕಂಪ್ರೆಸರ್ (ಟ್ಯಾಂಕಿಗೆ ಗಾಳಿ ಒತ್ತಿ ತುಂಬುವ ಯಂತ್ರ) ಬ್ರೇಕ್ ಹಾಕಿದಾಗಲೆಲ್ಲ ಮುಂದಕ್ಕೆ ಜಾರುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಕಾರಣ ಬಹುಶಃ ಆ ನೈಲಾನ್ ಹಗ್ಗವೇ. ಭಾರ ಬಿದ್ದರೆ ಅದು ಹಿಗ್ಗುತ್ತದೆ, ಗಂಟು ಎಷ್ಟು ಬಿಗಿದರೂ ಅಷ್ಟೇ.

ಮೊದಲು ಟ್ಯಾಂಕಿನ ಗಾಳಿ ಪೂರ್ತಿ ಬಿಡಿ. ದಪ್ಪ ರಬ್ಬರ್ ಮ್ಯಾಟ್ ಹಾಸಿ, ಡ್ರೈವರ್ ಹಿಂದಿನ ಕಬ್ಬಿಣದ ಪಾರ್ಟಿಷನ್‌ಗೆ ಒತ್ತಿ ಇಡಿ. ಚಕ್ರಗಳಿಗೆ ಮರದ ತುಂಡು ಕೊಡಿ. ಆಮೇಲೆ ಎರಡು ರ‍್ಯಾಚೆಟ್ ಬೆಲ್ಟ್ (ಹಿಡಿ ಆಡಿಸಿ ಬಿಗಿಗೊಳಿಸುವ ಪಟ್ಟಿ) ಅಡ್ಡಡ್ಡ ಹಾಕಿ ಬಿಗಿಯಿರಿ. ಬೆಲ್ಟ್ ಟ್ಯಾಂಕ್ ಮೇಲೇ ಬರಲಿ. ತಾಮ್ರದ ಪೈಪ್ ಮೇಲೆ ಬಂದರೆ ಪೈಪ್ ಬಗ್ಗಿ ಗಾಳಿ ಸೋರುತ್ತದೆ.

ಬೆಲ್ಟಿನ ಕೊಂಡಿಯನ್ನು ವ್ಯಾನಿನ ತೆಳು ತಗಡಿಗೆ ಸಿಗಿಸಬೇಡಿ, ಹರಿದು ಬರುತ್ತದೆ. ಸೀಟ್ ಬೋಲ್ಟ್ ಜಾಗ ಗಟ್ಟಿ. ನೀವು ವ್ಯಾನಿನ ಮಾಡೆಲ್ ಬರೆದಿಲ್ಲ, ಹಾಗಾಗಿ ಅದು ಎಲ್ಲಿದೆ ಅಂತ ಖಚಿತವಾಗಿ ಹೇಳಲಾರೆ. ಹೊಸ ತೂತು ಕೊರೆಯಲೇಬೇಕಾದರೆ ಮೊದಲು ಗಾಡಿ ಕೆಳಗೆ ಬಗ್ಗಿ ನೋಡಿ: ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪ್ ಅಲ್ಲೇ ಇರುತ್ತವೆ.

ಹೊರಟ ಮೇಲೆ ಐದಾರು ಕಿಲೋಮೀಟರಿಗೆ ನಿಲ್ಲಿಸಿ ಬೆಲ್ಟ್ ಇನ್ನೊಮ್ಮೆ ಬಿಗಿ ಮಾಡಿ.